ಹತ್ತರ ಪ್ಯಾಕಿನ ಹನ್ನೊಂದನೆಯ ಫೋಟೊ

ದೆವ್ವ, ಗಾಳಿ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆಯೇ ಎಂದು ಕೇಳಿದರೆ ಅದಕ್ಕೂ ನೇರ ಉತ್ತರ ಕೊಡಲಾರೆ. ಇಷ್ಟು ಮಾತ್ರ ಹೇಳಬಲ್ಲೆ. ಮೊದಲೆಲ್ಲ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ನಾನು ನಡುವೆಯೇ ಬಾಯಿ ಹಾಕಿ, "ರಾತ್ರಿ ಏನ್ ಉಂಡಿದ್ರಿ?" ಎಂದು ಕೇಳುತ್ತಿದ್ದೆ. ಈಗ ಆ ಚಾಳಿ ಬಿಟ್ಟಿದ್ದೇನೆ. ಸುಮ್ಮನೆ ಕೂತು ಕೊನೆಯವರೆಗೂ ಕೇಳುತ್ತೇನೆ.

ಎಲ್ಲಕ್ಕೂ ಕಾರಣ ಹುಡುಕುವ ಆ ಚಾಳಿ ನನ್ನ ಕಸುಬಿನಿಂದ ಬಂದದ್ದು. ಗಂಗಾವತಿಯಲ್ಲಿ ನನ್ನದೊಂದು ಕ್ಯಾಮರಾ ರಿಪೇರಿ ಅಂಗಡಿ ಇದೆ. ರಿಪೇರಿಯೊಂದರಿಂದಲೇ ಹೊಟ್ಟೆ ತುಂಬುವ ಕಾಲ ಇದಲ್ಲ, ಹಾಗಾಗಿ ಪಾಸ್‌ಪೋರ್ಟ್ ಫೋಟೊ, ಝೆರಾಕ್ಸ್, ಲ್ಯಾಮಿನೇಷನ್ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುತ್ತವೆ. ಕೆಲವು ವರ್ಷಗಳಿಂದ ನಮ್ಮ ಕಡೆ ಮದುವೆ, ಸೀಮಂತದ ಕುಬುಸಗಳಲ್ಲಿ ಆಗಿಂದಾಗಲೇ ಫೋಟೊ ಕೊಡುವ ಕ್ಯಾಮರಾ ಮತ್ತೆ ಬಳಕೆಗೆ ಬಂದಿದೆ. ಗುಂಡಿ ಒತ್ತಿದರೆ ಬಿಳಿ ಅಂಚಿನ ಹಾಳೆ ಹೊರಬಂದು, ಕೈಯಲ್ಲೇ ನಿಧಾನವಾಗಿ ಚಿತ್ರ ಮೂಡುತ್ತದೆಯಲ್ಲ, ಅದು. ಅದರ ಕಾಯಿಲೆಗಳೂ ನನ್ನ ಬಳಿಗೇ ಬರುತ್ತವೆ. ಫೋಟೊ ಪೂರ್ತಿ ಬೆಳ್ಳಗೆ ಬಂದರೆ ಯಾರೋ ಕುತೂಹಲಕ್ಕೆ ಹಿಂಬದಿಯ ಬಾಗಿಲು ತೆರೆದಿದ್ದಾರೆ, ಬೆಳಕು ಹೊಕ್ಕಿದೆ. ಕೆಂಪಗೆ ಬಂದರೆ ನಮ್ಮ ಬಿಸಿಲು. ಒಂದೇ ಅಂತರದಲ್ಲಿ ಸಾಲಾಗಿ ಕಲೆ ಬಿದ್ದರೆ ಒಳಗಿನ ರೋಲರಿಗೆ ಹೊಲಸು ಮೆತ್ತಿದೆ. ಏನೂ ಆಗುತ್ತಿಲ್ಲ ಎಂದು ಅಳುಮುಖ ಮಾಡಿಕೊಂಡು ಬಂದವರ ಕ್ಯಾಮರಾದಲ್ಲಿ ಹೆಚ್ಚಾಗಿ ಸೆಲ್ಲು ಉಲ್ಟಾ ಇರುತ್ತವೆ. ಕೆಟ್ಟದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ. ಕೆಡದೆ ಇದ್ದುದಕ್ಕೆ ಕಾರಣ ಹುಡುಕುವ ಪ್ರಸಂಗ ನನಗೆ ಬಂದದ್ದು ಒಂದೇ ಸಲ.

ಈ ವಿದ್ಯೆ ಕಲಿಸಿದವರು ಕನಕಗಿರಿಯ ಇಮಾಮಸಾಬರು. ನಾನು ಹುಲಿಹೈದರದ ಒಕ್ಕಲು ಮನೆಯವನು. ಹೊಲದ ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದ ಮೇಲೆ ಅವರ ಸ್ಟುಡಿಯೊ ಸೇರಿದೆ. ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ ಎನ್ನುತ್ತಿದ್ದೆ. ಎಂಟು ವರ್ಷ ಮಧ್ಯಾಹ್ನದ ಊಟ ಆ ಮನೆಯಲ್ಲೇ. ಚಾಚಿ ನನಗೆ ಒಂದು ದಿನವೂ "ಇನ್ನೊಂದು ರೊಟ್ಟಿ ಬೇಕಾ" ಎಂದು ಕೇಳಿದವರಲ್ಲ. ಕೇಳದೆ ಹಾಕಿಬಿಡುತ್ತಿದ್ದರು. ಆ ಅನ್ನದ ಋಣ ನನ್ನ ಮೈಯಲ್ಲಿದೆ.

ರೋಲ್ ಫಿಲಂ ಇದ್ದ ಕಾಲದಲ್ಲಿ ಮದುವೆ ಫೋಟೊಗ್ರಾಫರುಗಳಿಗೆ ಒಂದು ಗುಟ್ಟಿನ ಅಭ್ಯಾಸವಿತ್ತು. ಬೀಗರು, ಬೀಗರ ಬೀಗರು, ಅವರ ಮಕ್ಕಳು ಎಲ್ಲರೂ ವೇದಿಕೆ ಏರಿ ನಿಂತಾಗ ಎಲ್ಲರಿಗೂ ಫಿಲಂ ಸುಟ್ಟರೆ ಗಂಟು ಹೋಗುತ್ತದೆ. ಆಗ ಬರೀ ಫ್ಲ್ಯಾಶ್ ಹೊಡೆಯುವುದು. ಬೆಳಕು ಮಿಂಚುತ್ತದೆ, ಜನ ಖುಷಿಯಿಂದ ಇಳಿದು ಊಟಕ್ಕೆ ಹೋಗುತ್ತಾರೆ. ಇದಕ್ಕೆ ಖಾಲಿ ಫ್ಲ್ಯಾಶ್ ಎನ್ನುತ್ತಿದ್ದೆವು. ಉಸ್ತಾದರಿಗೆ ಇದು ಸುತಾರಾಂ ಆಗುತ್ತಿರಲಿಲ್ಲ. ಒಮ್ಮೆ ಯಲಬುರ್ಗಾದ ಮದುವೆಯೊಂದರಲ್ಲಿ ಕೂಲಿ ಮಾಡುವ ಗಂಡಹೆಂಡಿರು ಮಗುವನ್ನೆತ್ತಿಕೊಂಡು ನಿಂತಾಗ ನಾನು ಖಾಲಿ ಫ್ಲ್ಯಾಶ್ ಹೊಡೆದೆ. ಉಸ್ತಾದರು ನೋಡಿಬಿಟ್ಟರು. ಎಲ್ಲರೆದುರು ಏನೂ ಅನ್ನದೆ, ನನ್ನನ್ನು ಚಪ್ಪರದ ಹಿಂದೆ ಕರೆದೊಯ್ದು, "ಅವ್ರು ತಲಿ ಬಾಚಿಕೊಂಡು, ಕೂಸಿಗೆ ಕಾಡಿಗಿ ಹಚ್ಕೊಂಡು ಬಂದು ನಿಂತಾರಲೇ. ಅವ್ರ ಮುಂದ ಖಾಲಿ ಡಬ್ಬಿ ಹಿಡೀತಿ? ನನ್ನ ಕ್ಯಾಮರಾದಾಗ ಇನ್ನೊಮ್ಮಿ ಇದು ಆಗಬಾರದು" ಎಂದರು. ಆಗಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಗಲಿಲ್ಲ.

ಊರಿಗೆಲ್ಲ ಫೋಟೊ ತೆಗೆದ ಉಸ್ತಾದರು ತಾವು ಮಾತ್ರ ಕ್ಯಾಮರಾ ಮುಂದೆ ನಿಲ್ಲುತ್ತಿರಲಿಲ್ಲ. ಮೊಬೈಲ್ ಎತ್ತಿದರೆ ಮುಖ ತಿರುಗಿಸುತ್ತಿದ್ದರು. ಹರೆಯದ ಎರಡು ಫೋಟೊ ಇವೆ. ಆಧಾರ್ ಕಾರ್ಡಿನದೊಂದು ಇದೆ, ಅದರಲ್ಲಿ ಅವರ ಗುರುತು ಮನೆಯವರಿಗೇ ಸಿಗದು. ಕೊನೆಗಾಲದಲ್ಲಿ ಅವರು ಹೈದರಾಬಾದಿನಿಂದ ಒಂದು ಇನ್‌ಸ್ಟಂಟ್ ಕ್ಯಾಮರಾ ತರಿಸಿದ್ದರು. ಅದನ್ನು ಪರೀಕ್ಷೆ ಮಾಡುವಾಗ, ಮುದಿ ವಯಸ್ಸಿನ ಅವರ ನಗುಮುಖದ ಒಂದೇ ಒಂದು ಫೋಟೊ ಬಂದಿತ್ತು. ತೆಗೆದವನು ನಾನೇ. ಅವರು ತೀರಿಕೊಂಡ ಮೇಲೆ ಅದು ದೊಡ್ಡ ಮಗಳು ಶಮೀಮಳ ಹತ್ತಿರ, ಕುಷ್ಟಗಿಯಲ್ಲಿತ್ತು. ಚಿಕ್ಕವಳು ರೇಷ್ಮಾ, ಸಿದ್ದಾಪುರಕ್ಕೆ ಕೊಟ್ಟವಳು, ಒಮ್ಮೆ ಅಕ್ಕನಿಗೆ ಹೇಳದೆ ಅದನ್ನು ತಂದು, "ಅಣ್ಣಾ, ಅಂಚು ಎದ್ದೈತಿ. ಲ್ಯಾಮಿನೇಷನ್ ಮಾಡಿಕೊಡು" ಎಂದು ನನ್ನ ಕೈಗಿಟ್ಟಳು.

ನಮ್ಮ ಕಡೆಯವರಿಗೆ ಏನೇ ಬೆಲೆಬಾಳುವ ಕಾಗದ ಸಿಕ್ಕರೂ ಮೊದಲು ಲ್ಯಾಮಿನೇಷನ್ ಮಾಡಿಸಬೇಕು. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಪಹಣಿ, ದೇವರ ಚೀಟಿ, ಯಾವುದನ್ನೂ ಬಿಟ್ಟವರಲ್ಲ. ನಾನೂ ಇದೇ ಊರಿನ ಗಾಳಿ ಕುಡಿದವನಲ್ಲವೇ? ಇನ್‌ಸ್ಟಂಟ್ ಫೋಟೊದ ಹೊಟ್ಟೆಯಲ್ಲಿ ಔಷಧಿ ಇರುತ್ತದೆ, ಬಿಸಿ ತಾಗಿದರೆ ಅದು ಕೆಡುತ್ತದೆ ಎಂದು ಗಿರಾಕಿಗಳಿಗೆ ದಿನಾ ಪಾಠ ಹೇಳುವ ನಾನು, ಆ ಫೋಟೊವನ್ನು ಬಿಸಿ ಯಂತ್ರದೊಳಗೆ ಬಿಟ್ಟೆ. ಮೊದಲು ಸ್ಕ್ಯಾನ್ ಮಾಡಬೇಕಿತ್ತು, ಅದನ್ನೂ ಮಾಡಲಿಲ್ಲ. ಆಚೆ ಬದಿಯಿಂದ ಬರುವಷ್ಟರಲ್ಲಿ ಉಸ್ತಾದರ ಮುಖವಿದ್ದ ಜಾಗ ಕಂದುಬಣ್ಣಕ್ಕೆ ತಿರುಗಿತ್ತು. ರೇಷ್ಮಾ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು ಅತ್ತಳು. ನನಗೆ ಅಳಲೂ ಮುಖವಿರಲಿಲ್ಲ.

ತಪ್ಪು ನನ್ನದೆಂದು ಕುಷ್ಟಗಿಗೆ ಹೋಗಿ ಶಮೀಮಳಿಗೆ ಹೇಳಿದೆ. "ನೀ ಕೆಲಸ ಮಾಡಾಂವ, ಹೇಳಿದ್ದು ಮಾಡಿದಿ. ಕೇಳದs ಒಯ್ದಾಕಿ ಅಕಿ" ಎಂದಳು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ನಾಲ್ಕು ವರ್ಷ ಒಬ್ಬಳು ತವರಿಗೆ ಬಂದರೆ ಇನ್ನೊಬ್ಬಳು ಬರುತ್ತಿರಲಿಲ್ಲ.

ಅಂಥದ್ದರಲ್ಲಿ ಚಾಚಿಗೆ ತಮ್ಮನ ಜೊತೆ ಹಜ್ ಯಾತ್ರೆಗೆ ಹೋಗುವ ಅವಕಾಶ ಬಂತು. ಹಜ್‌ಗೆ ಹೊರಡುವವರು ನೆಂಟರು, ನೆರೆಯವರನ್ನೆಲ್ಲ ಕಂಡು, ಹೇಳಿದ್ದು ಕೇಳಿದ್ದು ಮಾಫ್ ಮಾಡಿ ಎಂದು ಕ್ಷಮೆ ಕೇಳಿಕೊಂಡು ಹೋಗುವುದು ಅವರಲ್ಲಿ ಪದ್ಧತಿ. ಮರಳಿ ಬರುತ್ತೇವೋ ಇಲ್ಲವೋ ಎಂಬ ಭಾವನೆ. ಚಾಚಿ ನನ್ನನ್ನು ಕರೆಸಿ ಹೇಳಿದರು. "ಊರ ಮಂದಿ ಎಲ್ಲಾ ಮಾಫ್ ಮಾಡಿದ್ರೂ, ನನ್ನ ಹೊಟ್ಟ್ಯಾಗ ಹುಟ್ಟಿದ ಎರಡು ಒಂದಕ್ಕೊಂದು ಮಾಫ್ ಮಾಡದಿದ್ರ ನಾ ಯಾವ ಮುಖಾ ಇಟ್ಕೊಂಡು ಅಲ್ಲಿ ನಿಲ್ಲಲಿ? ಇಬ್ಬರನ್ನೂ ಕರದೀನಿ. ನಿನ್ನ ಉಸ್ತಾದರ ಕ್ಯಾಮರಾ ತಗೊಂಡು ಬಾ. ನಮ್ಮ ಮೂವರದು ಎರಡು ಫೋಟೊ ತಗಿ, ಅಕ್ಕಗೊಂದು, ತಂಗಿಗೊಂದು. ಒಂದs ಆದ್ರ ಮತ್ತ ಅದs ಜಗಳ."

ಮೊಬೈಲಿನಲ್ಲಿ ತೆಗೆದು ಬೇಕಾದಷ್ಟು ಪ್ರಿಂಟ್ ಹಾಕಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. "ಅದು ಯಾರ ಕ್ಯಾಮರಾ?" ಎಂದರು ಚಾಚಿ. ಉಸ್ತಾದರ ಆ ಇನ್‌ಸ್ಟಂಟ್ ಕ್ಯಾಮರಾವನ್ನು ಚಾಚಿಯೇ ನನಗೆ ಕೊಟ್ಟಿದ್ದರು. ಆನ್‌ಲೈನಿನಲ್ಲಿ ಫಿಲಂ ತರಿಸಿದೆ. ಹೊರಡುವ ದಿನದೊಳಗೆ ಬಂದದ್ದು ಒಂದೇ ಪ್ಯಾಕ್. ಒಂದು ಪ್ಯಾಕಿನಲ್ಲಿ ಹತ್ತು ಹಾಳೆ. ಎಂಟನ್ನು ನೆಂಟರಿಗೆ, ನೆರೆಯವರಿಗೆ ತೆಗೆದುಕೊಟ್ಟು ಎರಡನ್ನು ಉಳಿಸುವುದೆಂದು ಲೆಕ್ಕ ಹಾಕಿದೆ.

ಅದು ಬೇಸಿಗೆಯ ಕೊನೆ. ಗಂಗಾವತಿಯಿಂದ ಕನಕಗಿರಿಗೆ ಬಸ್ಸಿನಲ್ಲಿ ಹೋಗುವಾಗ ಪ್ಯಾಕನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒದ್ದೆ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತವರು ಮೀನು ಇರಬೇಕೆಂದು ದೂರ ಸರಿದರು. ಅಷ್ಟು ಮಾಡಿದರೂ ಫೋಟೊಗಳು ಒಂದಿಷ್ಟು ಕೆಂಪಾಗಿಯೇ ಬಂದವು.

ಚಾಚಿಯ ಮನೆಯ ಅಂಗಳ ತುಂಬಿತ್ತು. ಬಂದವರೆಲ್ಲ ಹೂವಿನ ಹಾರ ಹಾಕಿ, ಶರಬತ್ತು ಕುಡಿದು, ಚಾಚಿಯ ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಂಡರು. ಹೊಸ ಪ್ಯಾಕ್ ಹಾಕಿದಾಗ ಮೊದಲು ಹೊರಬರುವುದು ಬರೀ ಕರಿ ಮುಚ್ಚಳದ ಹಾಳೆ. ಅದನ್ನು ಕಂಡು, "ಮುಗೀತು, ಕರ್ರಗ ಬಂತು!" ಎಂದು ನಾಲ್ಕು ಜನ ಒಟ್ಟಿಗೆ ಮರುಗಿದರು. ಫೋಟೊ ಬಂದಾಗ ಅಲ್ಲಾಡಿಸಬೇಡಿ, ನೆರಳಿನಲ್ಲಿ ಬೋರಲು ಇಡಿ ಎಂದರೆ, ಬೀಸಣಿಗೆಯಂತೆ ಬೀಸುವವರೇ ಎಲ್ಲರೂ. ಆರನೆಯ ಫೋಟೊದಲ್ಲಿ ಎಡವಟ್ಟಾಯಿತು. ಎದುರುಮನೆಯ ಬಸಮ್ಮಜ್ಜಿಯ ಮುಖದ ಮೇಲೆಯೇ ಸರಿಯಾಗಿ ಒಂದು ಬಿಳಿ ಕಲೆ. ರೋಲರಿನಲ್ಲಿ ಹೊಲಸು ಕೂತಿತ್ತು. ಮನೆಯಿಂದ ಹೊರಡುವ ಮೊದಲು ಒರೆಸಿಕೊಳ್ಳಬೇಕಾದವನು ನಾನು.

"ಇರಲಿ ಬಿಡಪ, ನನ್ನ ಮಾರಿ ಮೊದ್ಲs ಹಂಗೈತಿ" ಎಂದಳು ಅಜ್ಜಿ, ಆದರೆ ಆ ಫೋಟೊ ಹಿಡಿದ ಅವಳ ಕೈ ಇಳಿದುಹೋಗಿತ್ತು. ಮಗಳ ಮದುವೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ನನಗೆ ಯಲಬುರ್ಗಾದ ಆ ಗಂಡಹೆಂಡಿರ ನೆನಪಾಯಿತು. ತುಸು ಒದ್ದೆ ಬಟ್ಟೆಯಿಂದ ರೋಲರ್ ಒರೆಸಿ ಅಜ್ಜಿಗೆ ಇನ್ನೊಂದು ತೆಗೆದೆ. ಅವಳ ಮುಖ ಅರಳಿತು. ನನ್ನ ಲೆಕ್ಕದಲ್ಲಿ ಮಾತ್ರ ಒಂದು ಕಡಿಮೆಯಾಯಿತು. ಉಳಿದ ನೆಂಟರಿಗೆ ಕೊಟ್ಟ ಮಾತು ತಪ್ಪಿಸಲು ಬಾಯಿ ಬರಲಿಲ್ಲ, ಚಾಚಿಗೆ ಹೇಳಲು ಧೈರ್ಯ ಬರಲಿಲ್ಲ. ಹೆಣ್ಣುಮಕ್ಕಳ ಸರದಿ ಬರುವ ಹೊತ್ತಿಗೆ ಕ್ಯಾಮರಾದ ಅಂಕಿ ಒಂದು ತೋರಿಸುತ್ತಿತ್ತು.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಂಗಳ ಖಾಲಿಯಾಯಿತು. ಚಾಚಿ ಮಂಚದ ಮೇಲೆ ಕೂತರು, ಬಲಕ್ಕೆ ಶಮೀಮ, ಎಡಕ್ಕೆ ರೇಷ್ಮಾ. ಇಬ್ಬರೂ ಆಚೆ ಈಚೆ ಗೋಡೆ ನೋಡುತ್ತಿದ್ದರು. ಹತ್ತನೆಯ ಫೋಟೊ ತೆಗೆದೆ. ಹಾಳೆ ಹೊರಬಂತು, ಮೂವರ ಮುಖ ನಿಧಾನವಾಗಿ ಮೂಡಿತು. ಶಮೀಮ ಕೈ ಚಾಚಿದಳು.

"ಇದು ನನಗಿರಲಿ. ಅಬ್ಬಾಂದು ಅಂತೂ ಸುಟ್ಟೋತು, ಅಮ್ಮೀದಾದ್ರೂ ಉಳೀಲಿ."

"ನಾ ಸುಟ್ಟಿಲ್ಲ ಆಪಾ" ಎಂದಳು ರೇಷ್ಮಾ. ನಾಲ್ಕು ವರ್ಷದಲ್ಲಿ ಅಕ್ಕನಿಗೆ ಅವಳಾಡಿದ ಮೊದಲ ಮಾತು ಅದು.

"ಇನ್ನೊಂದು ತಗೀತಾನ ತಡೀರೆ" ಎಂದರು ಚಾಚಿ. ನನ್ನ ಕಡೆ ನೋಡಿ, "ತಗಿ ಬೇಟಾ" ಎಂದರು.

ನಾನು ಏನು ಮಾಡಿದೆನೆಂದು ಇಲ್ಲಿ ಸರಿಯಾಗಿ ಹೇಳಬೇಕು, ಏಕೆಂದರೆ ನನ್ನ ಇಡೀ ಅನುಭವ ಇದರ ಮೇಲೆಯೇ ನಿಂತಿದೆ. "ಸೆಲ್ ನೋಡ್ತೀನಿ" ಎಂದು ಹೇಳಿ ಬಾಗಿಲ ಕಡೆ ತಿರುಗಿ ನಿಂತೆ. ಬೆಳಕು ಚೆನ್ನಾಗಿತ್ತು. ಕ್ಯಾಮರಾದ ಹಿಂಬದಿ ತೆರೆದು ಪ್ಯಾಕನ್ನು ಹೊರಗೆ ತೆಗೆದೆ. ಎಲ್ಲಾದರೂ ಒಂದು ಉಳಿದಿರಲಿ ಎಂಬ ಹುಚ್ಚು ಆಸೆ. ಉಳಿದಿದ್ದರೂ ಆ ಬೆಳಕಿಗೆ ಅದು ಹಾಳಾಗುತ್ತಿತ್ತು, ಅದು ನನಗೆ ಗೊತ್ತು. ಪ್ಯಾಕನ್ನು ತಿರುಗಿಸಿ ನೋಡಿದೆ. ಒಳಗೆ ಹಾಳೆಗಳನ್ನು ಒತ್ತಿಹಿಡಿಯುವ ಕರಿ ತಟ್ಟೆ ಬಿಟ್ಟರೆ ಏನೂ ಇಲ್ಲ. ಬೆರಳು ಹಾಕಿ ಮುಟ್ಟಿ ನೋಡಿದೆ. ಅಲ್ಲಾಡಿಸಿದೆ. ಖಾಲಿ. ಅಭ್ಯಾಸಬಲದಿಂದ ಅದನ್ನು ಮತ್ತೆ ಒಳಗಿಟ್ಟು ಬಾಗಿಲು ಮುಚ್ಚಿದೆ.

ಆಗ ಆ ಕೆಟ್ಟ ಯೋಚನೆ ಬಂತು. ಖಾಲಿ ಫ್ಲ್ಯಾಶ್ ಹೊಡೆದುಬಿಡೋಣ. ಹಾಳೆ ಬರದಿದ್ದರೆ ಯಂತ್ರ ಕೈಕೊಟ್ಟಿತು ಎಂದರಾಯಿತು. ರಿಪೇರಿಯವನು ಯಂತ್ರ ಕೆಟ್ಟಿದೆ ಎಂದರೆ ಯಾರು ಅನುಮಾನ ಪಡುತ್ತಾರೆ? ಕೊನೆಗೆ ಜಗಳದ ಹೊಣೆ ಯಂತ್ರದ ತಲೆಗೆ ಹೋಗುತ್ತದೆ, ನನ್ನ ಲೆಕ್ಕ ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ನಾನು ಅಷ್ಟು ಸಣ್ಣ ಮನುಷ್ಯನಾಗಿದ್ದೆ. ಅದರಲ್ಲೂ ಒಂದು ತೊಡಕಿತ್ತು. ಹಿಂಬದಿ ತೆರೆದು ಮುಚ್ಚಿದರೆ ಆ ಕ್ಯಾಮರಾ ಹೊಸ ಪ್ಯಾಕ್ ಹಾಕಿದ್ದಾರೆಂದೇ ತಿಳಿಯುತ್ತದೆ. ಮೊದಲ ಸಲ ಒತ್ತಿದಾಗ ಕರಿ ಹಾಳೆಯನ್ನು ದಬ್ಬುವ ಕೆಲಸ ಮಾತ್ರ ಮಾಡುತ್ತದೆ, ಫ್ಲ್ಯಾಶ್ ಕೂಡ ಮಿಂಚುವುದಿಲ್ಲ. ಹಾಗಾಗಿ ಒಮ್ಮೆ ಸುಮ್ಮನೆ ಒತ್ತಿ, ಎರಡನೆಯ ಸಲಕ್ಕೆ ಫ್ಲ್ಯಾಶ್ ಹೊಡೆಯುವುದೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡು ತಿರುಗಿದೆ.

ಅಷ್ಟರಲ್ಲಿ ಚಾಚಿ ಇಬ್ಬರು ಮಕ್ಕಳ ಕೈಯನ್ನೂ ಎಳೆದು ತಮ್ಮ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದರು. "ನಿಮ್ಮನ್ನ ಹೊಡದೀನಿ, ಬೈದೀನಿ, ಒಬ್ಬಾಕಿಗೆ ಹೆಚ್ಚು ಒಬ್ಬಾಕಿಗೆ ಕಡಿಮಿ ಮಾಡೀನಿ. ಮಾಫ್ ಮಾಡ್ರೆವಾ" ಎಂದರು. ಆಮೇಲೆ ನನ್ನನ್ನು ನೋಡಿ, "ನೀನೂ ಬೇಟಾ. ಎಷ್ಟೋ ದಿನ ಆರಿದ ರೊಟ್ಟಿ ಹಾಕೀನಿ ನಿನಗ. ಮಾಫ್ ಮಾಡು" ಎಂದರು.

ಸುಳ್ಳು ಕ್ಯಾಮರಾ ಹಿಡಿದು ನಿಂತವನಿಂದ ಅವರು ಕ್ಷಮೆ ಕೇಳಿದರು. ನನ್ನ ಕಣ್ಣು ಮಂಜಾಯಿತು. ಯಾವುದು ಒಂದನೆಯ ಒತ್ತು, ಯಾವುದು ಎರಡನೆಯದು ಎಂಬ ಲೆಕ್ಕವೆಲ್ಲ ತಪ್ಪಿ, ಕೈಗೆ ಬಂದಂತೆ ಗುಂಡಿ ಒತ್ತಿಬಿಟ್ಟೆ.

ಮೊದಲ ಒತ್ತಿಗೇ ಫ್ಲ್ಯಾಶ್ ಮಿಂಚಿತು. ಒಳಗೆ ಮೋಟಾರು ಗುಂಯ್ ಎಂದಿತು. ಬಿಳಿ ಅಂಚಿನ ಒಂದು ಹಾಳೆ ಹೊರಗೆ ಬಂತು.

ನಾನು ಅದನ್ನು ಹಿಡಿಯಲೇ ಇಲ್ಲ. ಶಮೀಮ ಎದ್ದು ಬಂದು ಎಳೆದುಕೊಂಡಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಬಿಸಿಲಿಗೆ ತಲೆ ತಿರುಗಿರಬೇಕೆಂದು ರೇಷ್ಮಾ ನೀರು ತಂದುಕೊಟ್ಟಳು. ಹೊಸ ಹಾಳೆ ಪೂರ್ತಿ ಬೆಳ್ಳಗಾದರೂ ಬರಬೇಕಿತ್ತು. ಬರಲಿಲ್ಲ. ಮೊದಲು ಚಾಚಿಯ ಬಿಳಿ ದುಪಟ್ಟಾ ಮೂಡಿತು, ಆಮೇಲೆ ಹಾರದ ಹೂವು, ಆಮೇಲೆ ಮುಖಗಳು. ಶಮೀಮ ಕ್ಯಾಮರಾ ಕಡೆ ನೋಡಿರಲಿಲ್ಲ, ತಂಗಿಯ ಕಡೆ ನೋಡುತ್ತಿದ್ದಳು. ಹತ್ತೂ ಫೋಟೊ ಕೆಂಪಗೆ ಬಂದಿದ್ದವಲ್ಲ, ಇದರ ಬಣ್ಣ ಮಾತ್ರ ಚಳಿಗಾಲದ ಬೆಳಿಗ್ಗೆ ತೆಗೆದಂತೆ ಒಪ್ಪವಾಗಿತ್ತು.

ಶಮೀಮ ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತಂಗಿಯ ಕೈಗೆ ಹೊಸದನ್ನು ಇಟ್ಟಳು. "ಬಣ್ಣ ಛಲೋ ಬಂದಿದ್ದು ನೀ ಇಟ್ಕೊ. ಕೆಂಪಂದು ನನಗಿರಲಿ" ಎಂದಳು. ರೇಷ್ಮಾ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಮೆಟ್ಟಿಲ ಮೇಲೆ ಅತ್ತಂತೆಯೇ ಅತ್ತಳು. ಚಾಚಿ ಮೇಲೆ ನೋಡಿ ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಸಂಜೆ ಅಂಗಡಿಗೆ ಬಂದವನೇ ಬಾಗಿಲು ಹಾಕಿ ಕ್ಯಾಮರಾ ತೆರೆದೆ. ಪ್ಯಾಕು ಖಾಲಿಯೇ ಇತ್ತು. ಯಾರ್ಯಾರಿಗೆ ಯಾವ ಫೋಟೊ ಕೊಟ್ಟೆನೆಂದು ಹೆಸರು ಹಿಡಿದು ಬರೆದೆ. ಬಸಮ್ಮಜ್ಜಿಯ ಕಲೆಯ ಫೋಟೊ ನನ್ನ ಚೀಲದಲ್ಲೇ ಇತ್ತು. ಎಷ್ಟು ಸಲ ಎಣಿಸಿದರೂ ಹನ್ನೊಂದು. ಕಾರ್ಖಾನೆಯಲ್ಲಿ ಒಂದು ಹೆಚ್ಚು ತುಂಬಿರಬಹುದೇ ಎಂದು ಫಿಲಂ ಮಾರುವವರಿಗೆ ಫೋನು ಮಾಡಿ ಕೇಳಿದೆ. ಅದರಲ್ಲಿ ಹನ್ನೊಂದಕ್ಕೆ ಜಾಗವೇ ಇಲ್ಲ ಎಂದರು. ಒಂದು ಹಾಳೆ ರೋಲರಿನಲ್ಲಿ ಸಿಕ್ಕಿಕೊಂಡಿತ್ತೆ? ಸಿಕ್ಕಿಕೊಂಡಿದ್ದರೂ ಬಾಗಿಲು ತೆರೆದಾಗ ಬೆಳಕಿಗೆ ಸಾಯುತ್ತಿತ್ತು. ಪ್ಯಾಕು ಖಾಲಿ ಎಂದು ನನ್ನ ಕಣ್ಣೇ ತಪ್ಪು ನೋಡಿತೆ? ಹಾಗಾದರೆ ಬೆರಳು? ಬೇರೆ ಯಾರಾದರೂ ಇದನ್ನೆಲ್ಲ ನನಗೆ ಹೇಳಿದ್ದರೆ ಕನ್ನಡಕದ ನಂಬರು ಬದಲಿಸಿಕೊಳ್ಳಿ ಎಂದು ಕಳಿಸುತ್ತಿದ್ದೆ. ನಂಬರು ನೋಡಿಸಿಕೊಂಡೆ ಕೂಡ. ಅದು ಸರಿಯಾಗಿಯೇ ಇದೆ.

ಚಾಚಿ ಸುಖವಾಗಿ ಹೋಗಿ ಬಂದರು. ಖರ್ಜೂರ, ಜಮ್‌ಜಮ್ ನೀರು ಕೊಡಲು ಕರೆದಾಗ ನಾನು ತಡೆಯಲಾರದೆ ಎಲ್ಲ ಒಪ್ಪಿಕೊಂಡೆ. ಲೆಕ್ಕ ತಪ್ಪಿದ್ದು, ಖಾಲಿ ಪ್ಯಾಕು ನೋಡಿದ್ದು, ಸುಳ್ಳು ಫ್ಲ್ಯಾಶ್ ಹೊಡೆಯಲು ಹೊರಟಿದ್ದು, ಒಂದನ್ನೂ ಬಿಡಲಿಲ್ಲ. ಅವರು ಬೆರಗಾಗುತ್ತಾರೆ, ಇಲ್ಲವೇ ಬೇಸರಪಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಬೊಗಸೆಗೆ ಖರ್ಜೂರ ಹಾಕುತ್ತ, "ಅವ್ರ ಕ್ಯಾಮರಾದಾಗ ಖಾಲಿ ಫ್ಲ್ಯಾಶ್ ಹೊಡ್ಯಾಕ ಹೋಗಿದ್ದ್ಯಾ? ಬೈಸ್ಕೊಳ್ಳದs ಉಳದಿ, ಅಷ್ಟ ತಿಳ್ಕೊ" ಎಂದು ನಕ್ಕರು. ಕೇಳದೆಯೇ ಇನ್ನೊಂದು ಹಿಡಿ ಹಾಕಿದರು.

ಈಗ ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಆಗಾಗ ಜಗಳವೂ ಆಗುತ್ತದಂತೆ, ಸಂಜೆಯೊಳಗೆ ಮುಗಿಯುತ್ತದಂತೆ. ನಾಲ್ಕು ವರ್ಷ ನನ್ನ ಎದೆಯ ಮೇಲಿದ್ದ ಭಾರ ಆ ಮಧ್ಯಾಹ್ನ ಇಳಿಯಿತು. ಇಳಿಸಿದವರು ಯಾರೆಂದು ಗೊತ್ತಿಲ್ಲದಿದ್ದರೂ ನಾನು ದಿನಾ ಅಂಗಡಿ ತೆರೆದ ಕೂಡಲೇ ಒಮ್ಮೆ ಕೈ ಮುಗಿಯುತ್ತೇನೆ.

ಆ ಕ್ಯಾಮರಾ ಕಪಾಟಿನಲ್ಲಿದೆ, ಖಾಲಿ ಪ್ಯಾಕು ಅದರೊಳಗೇ ಇದೆ. ಪರೀಕ್ಷೆ ಮಾಡುವುದು ದೊಡ್ಡ ಕೆಲಸವೇನಲ್ಲ. ಸೆಲ್ ಹಾಕಿ ಇನ್ನೊಮ್ಮೆ ಗುಂಡಿ ಒತ್ತಿದರೆ ಆಯಿತು, ರಿಪೇರಿಯವನು ಮೊದಲು ಮಾಡಬೇಕಾದದ್ದೇ ಅದು. ಎರಡು ಮೂರು ಸಲ ಕೈಗೆತ್ತಿಕೊಂಡಿದ್ದೇನೆ. ಆದರೆ ಖಾಲಿ ಪ್ಯಾಕ್ ಇಟ್ಟುಕೊಂಡು ಒತ್ತುವುದೆಂದರೆ ಖಾಲಿ ಫ್ಲ್ಯಾಶ್ ಹೊಡೆದಂತೆಯೇ ಅಲ್ಲವೇ? ಪ್ರತಿ ಸಲ ಸೆಲ್ಲುಗಳನ್ನು ತೆಗೆದು, ಒರೆಸಿ, ಮತ್ತೆ ಕಪಾಟಿನಲ್ಲಿಟ್ಟು ಬರುತ್ತೇನೆ.